ಭೋಜನಕ್ಕೆ ಏಳದ ಭಾನುವಾರಗಳು

ಇದನ್ನು ಗುಣವಾದವಳು ಬರೆಯುತ್ತಿಲ್ಲ. ನಮ್ಮ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳುವವರೆಲ್ಲ ಗುಣವಾದವರೇ. ಗಡ್ಡೆ ಕರಗಿದವರು, ಹಾಸಿಗೆ ಹಿಡಿದಿದ್ದು ಈಗ ಓಡಾಡುವವರು, ಡಾಕ್ಟರು ಕೈಬಿಟ್ಟ ಮೇಲೂ ಬದುಕಿ ಬಂದವರು. ಅವರ ಮಾತು ಕೇಳಿ ನಾನೂ ಎಷ್ಟೋ ಸಲ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದೇನೆ. ಆದರೆ ಗುಣವಾಗದವರು ಯಾವಾಗ ಎದ್ದು ನಿಲ್ಲಬೇಕು, ನಿಂತು ಏನು ಹೇಳಬೇಕು ಎಂಬುದನ್ನು ಯಾರೂ ಹೇಳಿಕೊಟ್ಟಿಲ್ಲ. ಹಾಗಾಗಿ ಕೂತೇ ಬರೆಯುತ್ತಿದ್ದೇನೆ. ಯಾವುದೋ ಊರಿನ ಡಯಾಲಿಸಿಸ್ ವಾರ್ಡಿನಲ್ಲಿ, ದೇವರ ಕೃಪೆ ತನ್ನ ಹಾಸಿಗೆಯೊಂದನ್ನೇ ಬಿಟ್ಟು ಮುಂದೆ ಹೋಯಿತೇ ಎಂದುಕೊಂಡು ಮಲಗಿದವರು ಇದ್ದರೆ, ಅವರಿಗಾಗಿ.

ನನ್ನ ಹೆಸರು ಸುಶೀಲಾ. ದಾಂಡೇಲಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಗಂಡ ಪ್ರಭಾಕರ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಅವರ ಹಿರಿಯರು ಧಾರವಾಡದ ಕಡೆಯಿಂದ ಬಂದವರು. ನನ್ನ ತವರು ಮುಂಡಗೋಡ. ಎರಡೂ ಮನೆಗಳಲ್ಲಿ ಅಜ್ಜಂದಿರ ಕಾಲದಿಂದ ಯೇಸುಸ್ವಾಮಿಯ ಹೆಸರು ಹೇಳಿಕೊಂಡೇ ಊಟಕ್ಕೆ ಕೂರುವುದು. ನಮಗೆ ಮಕ್ಕಳಿಲ್ಲ.

ಮೊದಲು ಊದಿದ್ದು ಕಾಲು. ನಿಂತು ಪಾಠ ಮಾಡಿದ್ದಕ್ಕೆ ಇರಬೇಕೆಂದು ಸುಮ್ಮನಾದೆ. ಆಮೇಲೆ ಬೆಳಿಗ್ಗೆ ಎದ್ದಾಗ ಕಣ್ಣಿನ ಕೆಳಗೆ ಬಾವು. ಅನ್ನದ ವಾಸನೆ ಬಂದರೆ ಹೊಟ್ಟೆ ತೊಳೆಸುತ್ತಿತ್ತು. ಒಂದು ದಿನ ಎರಡನೇ ಇಯತ್ತೆಯ ಮಕ್ಕಳಿಗೆ ಕಾಗುಣಿತ ಬರೆಯುತ್ತ ಬರೆಯುತ್ತ ಬೋರ್ಡಿಗೆ ಹಣೆ ಆನಿಸಿ ನಿಂತುಬಿಟ್ಟೆ. ಮಕ್ಕಳು ನಾನು ಆಟ ಆಡುತ್ತಿದ್ದೇನೆಂದು ನಕ್ಕವು.

ಧಾರವಾಡದಲ್ಲಿ ಡಾಕ್ಟರು ರಕ್ತದ ರಿಪೋರ್ಟ್ ನೋಡಿದರು. ನನ್ನ ಮುಖ ನೋಡಲಿಲ್ಲ. "ಯಾರ ಜೋಡಿ ಬಂದೀರಿ?" ಎಂದು ಕೇಳಿದರು.

"ನಮ್ಮನಿಯವರು ಹೊರಗದಾರ್ರಿ."

"ಅವರನ್ನೂ ಒಳಗ ಕರೀರಿ."

ನನಗೆ ಅಲ್ಲಿಗೇ ತಿಳಿಯಿತು. ಎರಡೂ ಕಿಡ್ನಿ ಕೆಲಸ ನಿಲ್ಲಿಸುತ್ತ ಬಂದಿವೆ, ಇನ್ನು ಯಂತ್ರದಿಂದಲೇ ರಕ್ತ ತೊಳೆಯಬೇಕು ಎಂದು ಅವರು ಆಮೇಲೆ ಹೇಳಿದ್ದೆಲ್ಲ ಪ್ರಭಾಕರರಿಗೆ ಹೇಳಿದ್ದು. ಹೊರಗೆ ಬಂದು ಇವರು ಬಸ್ ಸ್ಟ್ಯಾಂಡಿನ ಎದುರು ಗಾಡಿಯವನಿಂದ ಎರಡು ಎಳನೀರು ಕೊಚ್ಚಿಸಿ, "ಕುಡಿ, ಬಲಾ ಬರ್ತೈತಿ" ಎಂದರು. ಗಟಗಟ ಕುಡಿದೆ. ಕಿಡ್ನಿ ಹೋದವರು ಮುಟ್ಟಲೇಬಾರದ್ದು ಎಳನೀರು ಎಂದು ಮುಂದಿನ ವಾರ ನರ್ಸ್ ಹೇಳಿದಾಗ ಇವರು ಅಲ್ಲೇ ಗೋಡೆಯ ಕಡೆ ತಿರುಗಿ ಅತ್ತರು. ನನ್ನ ರೋಗಕ್ಕೆ ಅಳದ ಮನುಷ್ಯ ಒಂದು ಎಳನೀರಿಗೆ ಅತ್ತಿದ್ದನ್ನು ನಾನು ಮರೆತಿಲ್ಲ.

ಡಯಾಲಿಸಿಸ್‌ಗೆ ಜಾಗ ಸಿಕ್ಕಿದ್ದು ಹಳಿಯಾಳದಲ್ಲಿ. ವಾರದಲ್ಲಿ ಎರಡು ಸಲ ಬೆಳಗಿನ ಬಸ್ಸಿಗೆ ಹೊರಟು, ಮೊದಲು ತೂಕ ನೋಡಿಸಿಕೊಂಡು, ಆಮೇಲೆ ಮಲಗುವುದು. ಸೂಜಿ ಹಾಕಲೆಂದು ಎಡಗೈಯ ರಕ್ತದ ನರಗಳನ್ನು ಸೇರಿಸಿ ಹೊಲಿದಿದ್ದರು. ಅಲ್ಲಿ ಬೆರಳಿಟ್ಟರೆ ಒಳಗೆ ದುಂಬಿ ಗುಂಯ್‌ಗುಟ್ಟಿದ ಹಾಗೆ. ದಪ್ಪ ಸೂಜಿ ಎರಡು. ಕಡೆಯ ಗಂಟೆಯಲ್ಲಿ ಮೀನಖಂಡ ಹಿಡಿದುಕೊಂಡು ಕಲ್ಲಾಗುತ್ತದೆ, ಕಿರುಚಬೇಕು ಅನಿಸುತ್ತದೆ. ಆದರೆ ಎಲ್ಲಕ್ಕಿಂತ ದೊಡ್ಡ ಶಿಕ್ಷೆ ನೀರಡಿಕೆ. ದಿನಕ್ಕೆ ಇಷ್ಟೇ ನೀರು ಎಂದು ಕಟ್ಟುಮಾಡಿದ್ದರು. ಬೇಸಿಗೆಯಲ್ಲಿ ನಲ್ಲಿಯ ಸಪ್ಪಳ ಕೇಳಿದರೂ ಗಂಟಲು ಎದ್ದು ಬರುತ್ತಿತ್ತು.

ಪಕ್ಕದ ಹಾಸಿಗೆಯಲ್ಲಿ ನೀಲವ್ವ ಇರುತ್ತಿದ್ದಳು. ಹಳಿಯಾಳದ ಹತ್ತಿರದ ಹಳ್ಳಿಯವಳು, ಕಬ್ಬು ಕಡಿಯುವ ಕೂಲಿಗೆ ಹೋಗುತ್ತಿದ್ದವಳು, ಉಳವಿ ಚನ್ನಬಸವಣ್ಣನ ಒಕ್ಕಲು. ಮೊದಲ ದಿನ ನಾನು ಹೆದರಿ ಸೂಜಿಯನ್ನೇ ನೋಡುತ್ತಿದ್ದಾಗ, "ಇತ್ಲಾಗ ನೋಡ್ರಿ ಅಕ್ಕಾರ, ಸೂಜಿ ಕಡೆ ನೋಡಬ್ಯಾಡ್ರಿ, ನನ್ನ ಮಾರಿ ನೋಡ್ರಿ, ಇದೂ ಅಷ್ಟ ಕೆಟ್ಟೈತಿ" ಎಂದು ನಗಿಸಿದಳು. ಬಾಯಿ ಒಣಗಿದರೆ ಬಾಯಲ್ಲಿ ಇಟ್ಟುಕೊಳ್ಳಲು ಮಂಜುಗಡ್ಡೆಯ ಚೂರನ್ನು ಡಬ್ಬಿಯಲ್ಲಿ ತರುತ್ತಿದ್ದಳು. ನನಗೂ ಒಂದು ಕೊಡುತ್ತಿದ್ದಳು. ಆ ಚೂರು ಕರಗುವ ತನಕ ನಾವಿಬ್ಬರೂ ಮಾತಾಡುತ್ತಿರಲಿಲ್ಲ.

ಹತ್ತಿರದ ಸಂಬಂಧಿ ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಇದರಿಂದ ಬಿಡುಗಡೆ ಎಂದು ಡಾಕ್ಟರು ಹೇಳಿದ್ದರು. ಪ್ರಭಾಕರರಿಗೆ ಸಕ್ಕರೆ ಕಾಯಿಲೆ. ಅವ್ವನಿಗೆ ವಯಸ್ಸಾಗಿತ್ತು. ಉಳಿದವನು ತಮ್ಮ ಸಮುವೇಲ. ಮುಂಡಗೋಡದಲ್ಲಿ ಪಂಪು, ಮೋಟಾರು ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದಾನೆ. ಅವ್ವ ಅವನ ಜೊತೆಯಲ್ಲೇ ಇದ್ದಾಳೆ. ನಾನು ಕೇಳಲಿಲ್ಲ. ಅವನೇ ಬಂದ.

"ನನ್ನಾವು ಎರಡದಾವಲ್ಲ ಅಕ್ಕಾ, ಒಂದ ತಗೋ" ಎಂದ, ಬುತ್ತಿಯಲ್ಲಿಯ ರೊಟ್ಟಿ ಹಂಚುವವನ ಹಾಗೆ.

ನಾನು ಸೊಂಟದ ಮೇಲೆ ಹೊತ್ತು ಬೆಳೆಸಿದ ಕೂಸು ಅವನು. ಅವ್ವ ಹೊಲದ ಕೆಲಸಕ್ಕೆ ಹೋದಾಗ ಅವನಿಗೆ ನಾನೇ ಅವ್ವ. ಅವತ್ತು ಅವನ ತಲೆಯ ಮೇಲೆ ಕೈಯಿಟ್ಟು ದೇವರನ್ನು ಸ್ತುತಿಸಿದೆ. ಕೃಪೆ ಎಂದರೆ ಹೀಗೇ ತಾನಾಗಿ ಬಾಗಿಲಿಗೆ ಬರುತ್ತದೆ ಎಂದು ಅಂದುಕೊಂಡೆ.

ಹುಬ್ಬಳ್ಳಿಯಲ್ಲಿ ಪರೀಕ್ಷೆಗಳು ಒಂದರ ಹಿಂದೊಂದು ನಡೆದವು. ಎಲ್ಲ ಹೊಂದಿತು. ಆಪರೇಷನ್ನಿಗೆ ದಿನ ಗೊತ್ತು ಮಾಡುವ ಮುಂಚೆ ಕಡೆಯದಾಗಿ ಒಮ್ಮೆ ಇಬ್ಬರೂ ಬರಬೇಕೆಂದರು. ನಾವು ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಸಮುವಿನ ಮೊಳಕಾಲು ಅಲುಗುತ್ತಲೇ ಇತ್ತು. ಸಣ್ಣವನಿದ್ದಾಗ ಶಾಲೆಯ ಪರೀಕ್ಷೆಯ ದಿನವೂ ಹಾಗೇ. ನಾನು ಅವನ ಮೊಳಕಾಲ ಮೇಲೆ ಕೈಯಿಟ್ಟೆ.

"ಅಕ್ಕಾ, ಒಂದೀಟ ಚಹಾ ಕುಡದ ಬರ್ತೇನಿ."

"ಲಗೂ ಬಾ. ಕರೀತಾರ."

ನರ್ಸ್ ಬಂದು ಸಮುವೇಲ ಎಂದು ಕೂಗಿದಳು. ಚಹಾಕ್ಕೆ ಹೋಗಿದ್ದಾನೆ ಎಂದೆ. ಬೇರೆಯವರು ಹೋಗಿ ಬಂದರು. ಮತ್ತೆ ಕೂಗಿದಳು. ಪ್ರಭಾಕರ ಕೆಳಗೆ ಹೋಗಿ ಚಹಾದಂಗಡಿಗಳನ್ನೆಲ್ಲ ನೋಡಿ ಬಂದರು. ಅವನ ಫೋನ್ ಬಂದ್ ಆಗಿತ್ತು. ರಸ್ತೆ ದಾಟುವಾಗ ಏನಾದರೂ ಆಯಿತೋ ಎಂದು ನನಗೆ ಜೀವ ಹೋದ ಹಾಗಾಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಅವನ ಪ್ರಾಣಕ್ಕಾಗಿ ಪ್ರಾರ್ಥನೆ ಮಾಡಿದೆ. ಸಂಜೆ ಹೊತ್ತಿಗೆ ಸಮುವಿನ ಹೆಂಡತಿ ರೂಪಾ ಪ್ರಭಾಕರರಿಗೆ ಫೋನ್ ಮಾಡಿದಳು. "ಮನಿಗೆ ಬಂದಾರ್ರಿ ಅಣ್ಣಾರ. ಒಳಗ ಬಾಗಿಲಾ ಹಾಕ್ಕೊಂಡ ಕುಂತಾರ. ನಮಗೂ ಎರಡ ಹುಡುಗ್ರದಾವು, ನೀವ ತಿಳಕೋರಿ."

ಅವನು ಬೇಡ ಎಂದಿದ್ದರೆ, ಹೆದರಿಕೆಯಾಗುತ್ತದೆ ಎಂದಿದ್ದರೆ, ನಾನು ಸಹಿಸುತ್ತಿದ್ದೆನೋ ಏನೋ. ಆ ಬೆಂಚಿನ ಮೇಲೆ ನನ್ನನ್ನು ಕೂರಿಸಿ ಹೋದದ್ದು ನನ್ನಿಂದ ತಡೆಯಲಾಗಲಿಲ್ಲ.

ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಅದರ ಹಿಂದಿನ ಸಂಜೆ ಸಿದ್ಧತೆಯ ಕೂಟ ಇರುತ್ತದೆ. ಸಭಾಪಾಲಕರು, ನಾವು ಅಯ್ಯನವರು ಎನ್ನುತ್ತೇವೆ, ನನಗಿಂತ ಚಿಕ್ಕವರು, ಒಳ್ಳೆಯವರು. ನಾವು ಹುಬ್ಬಳ್ಳಿಯಿಂದ ಬಂದ ಮೇಲಿನ ಕೂಟದಲ್ಲೂ ಅವರು ಎಂದಿನ ಮಾತನ್ನೇ ಹೇಳಿದರು. ಮಳೆ ದೇವರದು, ಹೊಲ ಮಾತ್ರ ನಮ್ಮದು. ಉಳದೆ ಬಿಟ್ಟ ಹೊಲದ ಮೇಲೆ ಎಷ್ಟು ಮಳೆ ಬಿದ್ದರೂ ಹರಿದು ಹೋಗುತ್ತದೆ. ಯಾರ ಮೇಲಾದರೂ ಸಿಟ್ಟಿದ್ದರೆ ಅದನ್ನು ಕಿತ್ತು ಹಾಕಿ, ಹೃದಯವನ್ನು ಹಸನು ಮಾಡಿಕೊಂಡು ನಾಳೆ ಬನ್ನಿ. ಬಾಲ್ಯದಿಂದ ಕೇಳಿದ ಮಾತು. ಆವರೆಗೆ ನನಗೆ ಕಿತ್ತು ಹಾಕುವಂಥ ಸಿಟ್ಟು ಇರಲೇ ಇಲ್ಲ.

ಮರುದಿನ ನಮ್ಮ ಸಾಲಿನವರು ಎದ್ದು ಮುಂದೆ ಹೋದರು. ನಾನು ಏಳಲಿಲ್ಲ. ಪ್ರಭಾಕರ ಗಂಡಸರ ಕಡೆಯಿಂದ ತಿರುಗಿ ನೋಡಿದರು, ಕಾಲು ಹಿಡಿದುಕೊಂಡಿತೇ ಎಂದು ಸನ್ನೆ ಮಾಡಿದರು. ತಲೆ ಅಲ್ಲಾಡಿಸಿದೆ. ಅದರ ಮುಂದಿನ ತಿಂಗಳೂ ಏಳಲಿಲ್ಲ.

ಅಯ್ಯನವರು ಮನೆಗೆ ಬಂದರು. "ಸುಶೀಲಕ್ಕ, ಈ ಸ್ಥಿತಿಯೊಳಗ ನಿಮಗ ಅದು ಬೇಕು. ಯಾಕ ದೂರ ಉಳೀತೀರಿ?"

"ನೀವ ಹೇಳೀರಲ್ರಿ ಅಯ್ಯನವ್ರ. ಹೊಲಾ ಹಸನಾಗಿಲ್ಲ."

"ಪ್ರಯತ್ನಾ ಮಾಡ್ರಿ. ದೇವರು ಸಹಾಯ ಮಾಡ್ತಾನ."

ಪ್ರಯತ್ನ ಮಾಡಿದೆ. ದೇವರಾಣೆ, ಮಾಡಿದೆ. ಬೆಳಿಗ್ಗೆ ಎದ್ದ ಕೂಡಲೇ "ಸಮುವೇಲನನ್ನು ಕ್ಷಮಿಸಿದ್ದೇನೆ" ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ಬೋರ್ಡಿನ ಮೇಲೆ ಬರೆದ ಮಾತನ್ನು ಮಕ್ಕಳು ಓದಿದ ಹಾಗೆ ಕೇಳಿಸುತ್ತಿತ್ತು. ಅವನು ಸಣ್ಣವನಿದ್ದಾಗಿನ ಒಳ್ಳೆಯ ನೆನಪುಗಳನ್ನು ಹುಡುಕಿ ಹುಡುಕಿ ತಂದುಕೊಂಡೆ. ಪ್ರತಿ ನೆನಪೂ "ಅಂಥವನೇ ಹೀಗೆ ಮಾಡಿದನಲ್ಲ" ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಜೋಯಿಡಾದಲ್ಲಿರುವ ಪ್ರಭಾಕರರ ಅಕ್ಕ ತಮ್ಮ ಮನೆಯಲ್ಲಿ ಉಪವಾಸ ಪ್ರಾರ್ಥನೆ ಇಡಿಸಿದರು. ಕೊಂಕಣಿಯಲ್ಲಿ, ಕನ್ನಡದಲ್ಲಿ ನನ್ನ ತಲೆಯ ಮೇಲೆ ಕೈಗಳಿಟ್ಟು ಅತ್ತು ಬೇಡಿದರು. ಅವರಲ್ಲೊಬ್ಬ ಹೆಂಗಸು ನನ್ನ ಕಿವಿಯಲ್ಲಿ, "ನಿಮ್ಮ ಎದಿಯೊಳಗ ಒಂದ ಗಂಟ ಐತಿ. ಅದು ಬಿಚ್ಚೂತನಕಾ ರೋಗಾ ಬಿಡಂಗಿಲ್ಲ" ಎಂದಳು. ಬರುವಾಗ ಬಸ್ಸಿನಲ್ಲಿ ನನಗೆ ಹೊಸದೊಂದು ಹೆದರಿಕೆ ಹಿಡಿಯಿತು. ಅಂದರೆ ನನ್ನ ಸಾವಿಗೂ ನಾನೇ ಕಾರಣಳೇ?

ಕಡೆಗೆ ಅವನಿಗೆ ಫೋನ್ ಮಾಡಿದೆ. ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅವನು ಎತ್ತಿದ.

"ಅಕ್ಕಾ?"

"ಸಮು, ನಾ ನಿನ್ನ ಕ್ಷಮಿಸೇನಿ."

ಆ ಕಡೆಯಿಂದ, "ಹೂಂ."

ಆ ಹೂಂ ಕೇಳಿದ್ದೇ ನನ್ನೊಳಗಿನದೆಲ್ಲ ಬಾಯಿಗೆ ಬಂತು. "ಒಂದ ಚಹಾ ಕುಡಿಯಾಕ ಇಷ್ಟ ಹೊತ್ತೇನೋ? ಎಲ್ಲಿ ಸತ್ತಿದ್ದೆಪಾ? ನಿನ್ನ ಹೆಸರ ಕೂಗಿದಾಗೊಮ್ಮೆ ನಾ ಬಂದ ಬಂದಾ ಅಂತ ಹೇಳಕೋತ ಕುಂತಿದ್ನಲ್ಲೋ!" ಅಡುಗೆಮನೆಯಿಂದ ಪ್ರಭಾಕರ ಓಡಿ ಬಂದು ಫೋನ್ ಕಸಿದುಕೊಂಡರು. ಕೈಯ ನರದ ಜಾಗ ಹಾರುತ್ತಿತ್ತು. ಅವತ್ತೇ ನಾನು ಕೈಚೆಲ್ಲಿದೆ. ನನ್ನ ಹೃದಯ ಸಿದ್ಧವಾಗುವುದಿಲ್ಲ. ರೋಗ ಗುಣವಾಗದ ಹಾಗೆ ಇದೂ ಗುಣವಾಗುವುದಿಲ್ಲ.

ಇದೆಲ್ಲವನ್ನೂ ನೀಲವ್ವನಿಗೆ ಹೇಳಿದೆ. ಬೇರೆ ಯಾರಿಗೆ ಹೇಳಲಿ? ನಮ್ಮವರಾಗಿದ್ದರೆ ಪ್ರಾರ್ಥನೆ ಶುರು ಮಾಡುತ್ತಿದ್ದರು. ಅವಳು ಛಾವಣಿ ನೋಡುತ್ತ ಕೇಳಿಸಿಕೊಂಡಳು.

"ನಿಮ್ಮ ತಮ್ಮಗ ಜೀವದ ಆಸೆ ಇರಬಾರದೇನ್ರಿ ಅಕ್ಕಾರ? ನಾವಿಲ್ಲಿ ಸೂಜಿ ಚುಚ್ಚಿಸ್ಕೊಂಡ ಮಲಗೇವಿ. ಯಾಕ? ಅದ ಆಸೇಕ."

ನನಗೆ ಸಿಟ್ಟು ಬಂತು. ಆ ದಿನ ಅವಳು ಕೊಟ್ಟ ಮಂಜಿನ ಚೂರನ್ನು ತೆಗೆದುಕೊಳ್ಳಲಿಲ್ಲ. ಅವಳು ಬೇಸರ ಮಾಡಿಕೊಳ್ಳದೆ ಎರಡನ್ನೂ ತಾನೇ ಬಾಯಿಗೆ ಹಾಕಿಕೊಂಡು ದವಡೆ ಉಬ್ಬಿಸಿ ನನ್ನತ್ತ ತಿರುಗಿ ಮಲಗಿದಳು.

ಆಮೇಲಿನ ವಾರ ಅವಳ ಮೊಮ್ಮಗಳ ತೊಟ್ಟಿಲ ಕಾರ್ಯ. ಮನೆ ತುಂಬ ಜನ. ಯಾರೂ ನೋಡದಾಗ ಚರಿಗೆಗಟ್ಟಲೆ ನೀರು ಕುಡಿದಳಂತೆ, ಪಾನಕ ಕುಡಿದಳಂತೆ. ಎದೆಯಲ್ಲಿ ನೀರು ತುಂಬಿ ಆಸ್ಪತ್ರೆಗೆ ತರುವ ದಾರಿಯಲ್ಲೇ ಹೋದಳು. ನಾನು ಡಯಾಲಿಸಿಸ್‌ಗೆ ಹೋದಾಗ ಆ ಹಾಸಿಗೆಗೆ ಹೊಸ ಚಾದರ ಹಾಸಿದ್ದರು. ಇದನ್ನೆಲ್ಲ ನರ್ಸ್ ಸೂಜಿ ಹಾಕುತ್ತ ಹೇಳಿದಳು. ಇತ್ಲಾಗ ನೋಡ್ರಿ ಎನ್ನುವವರಿರಲಿಲ್ಲ. ಅವಳು ಹೊಟ್ಟೆ ತುಂಬ ನೀರು ಕುಡಿದು ಹೋದಳಲ್ಲ ಎಂದು ಮೊದಲು ಅನಿಸಿದ್ದು ಹೊಟ್ಟೆಕಿಚ್ಚು. ಅಳು ಬಂದದ್ದು ಮನೆಗೆ ಬಂದ ಮೇಲೆ.

ಅವ್ವ ಮುಂಡಗೋಡದಿಂದ ಒಬ್ಬಳೇ ಬಸ್ಸು ಬದಲಿಸಿಕೊಂಡು ಬಂದಳು. ಫೋನಿನಲ್ಲಿ ನಾನು ಕೂಗಿದ್ದನ್ನು ಅವಳು ಆ ಕಡೆ ನಿಂತು ಕೇಳಿಸಿಕೊಂಡಿದ್ದಳು. ಬಂದವಳು ನನ್ನ ಊದಿದ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

"ಅವನ ಪರ ಮಾತಾಡಾಕ ಬಂದಿಯೇನವ್ವ?"

"ಇಲ್ಲವಾ. ನೀವಿಬ್ಬರೂ ನನ್ನ ಎರಡ ಕಣ್ಣು. ಯಾವುದನ್ನ ಮುಚ್ಚಲಿ?" ಪಾದ ನೀವುತ್ತ ಕೇಳಿದಳು. "ಭೋಜನಾ ಬಿಟ್ಟಿ ಅಂತ? ಪ್ರಭಾಕರ ಹೇಳಿದ."

"ಮನಸ ತಯಾರಾಗವಲ್ದು."

"ನೀ ಹೊಟ್ಟ್ಯಾಗ ಬಂದಾಗ ನಾ ಏನ ತಯಾರಿದ್ನೇನ? ಹಾಸಾಕ ಒಂದ ಚಾಪಿ ಇರಲಿಲ್ಲ. ನಿಮ್ಮಪ್ಪ ಊರಾಗಿರಲಿಲ್ಲ. ಬ್ಯಾಡ ಬ್ಯಾಡ ಅಂತ ಅತ್ನಿ. ನೀ ಬಂದಬಿಟ್ಟಿ."

ಕೇಳಲು ಚಂದದ ಮಾತು. ಅದರಿಂದ ನನ್ನ ಮನಸ್ಸು ತಿಳಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ತಾನು ಬೇಡವಾಗಿದ್ದೆ ಎಂದು ಕೇಳಿ ಯಾರಿಗೆ ಸಮಾಧಾನವಾಗುತ್ತದೆ? ಹೊರಡುವಾಗ ಅವ್ವ ಒಂದೇ ಕೇಳಿದಳು. "ಒಮ್ಮೆ ನನ್ನ ಜೋಡಿ ನಮ್ಮೂರ ಚರ್ಚಿಗೆ ಬಾ. ನೀ ಎದ್ದ ಹೋಗಬ್ಯಾಡ, ಸುಮ್ಮ ಬಾಜೂಕ ಕುಂದರು. ನನಗೂ ಭಾಳ ದಿನಾ ಇಲ್ಲ." ಇಲ್ಲ ಎನ್ನಲಾಗಲಿಲ್ಲ.

ಮುಂದಿನ ಭೋಜನದ ಭಾನುವಾರಕ್ಕೆಂದು ನಾನೂ ಪ್ರಭಾಕರರೂ ಯಲ್ಲಾಪುರದ ಮೇಲೆ ಹಾದು ಶನಿವಾರವೇ ಹೋದೆವು. ಸಮು ಮನೆಯಲ್ಲಿರಲಿಲ್ಲ, ಯಾವುದೋ ಹಳ್ಳಿಗೆ ಪಂಪು ರಿಪೇರಿಗೆ ಹೋಗಿದ್ದಾನೆಂದು ರೂಪಾ ನೆಲ ನೋಡುತ್ತ ಹೇಳಿದಳು. ನಾನು ಅವ್ವನ ಕೋಣೆಯಲ್ಲೇ ಇದ್ದೆ. ಭಾನುವಾರ ಚರ್ಚಿನಲ್ಲಿ ಅವ್ವನ ಪಕ್ಕ ಕೂತು ತಲೆಯೆತ್ತಿದಾಗ, ಗಂಡಸರ ಕಡೆ ಕೊನೆಯ ಬೆಂಚಿನಲ್ಲಿ ಅವನಿದ್ದ. ಬಡವಾಗಿದ್ದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು.

ಭೋಜನದ ಹೊತ್ತಾಯಿತು. ಒಂದೊಂದೇ ಸಾಲು ಎದ್ದು ಮುಂದೆ ಹೋಗಿ ಮೊಳಕಾಲೂರಿತು. ನಮ್ಮ ಸಾಲು ಎದ್ದಾಗ ಅವ್ವ ಕೋಲೂರಿಕೊಂಡು ಹೋದಳು, ನಾನು ಕೂತೆ. ಗಂಡಸರ ಕಡೆಯ ಕೊನೆಯ ಸಾಲು ಎದ್ದಿತು. ಪ್ರಭಾಕರ ಹೋದರು. ಸಮು ಹೋಗಲಿಲ್ಲ. ತಲೆ ತಗ್ಗಿಸಿ ಬೆಂಚಿನಲ್ಲಿ ಕೂತೇ ಇದ್ದ. ಪಕ್ಕದಲ್ಲಿದ್ದವರು ಅವನನ್ನು ಕರೆಯಲೂ ಇಲ್ಲ, ಅವನ ಕಾಲು ದಾಟಿಕೊಂಡು ಹೋದರು. ಅವನು ಏಳದಿರುವುದು ಅವರಿಗೆ ರೂಢಿಯಾಗಿತ್ತು.

ಖಾಲಿ ಬೆಂಚುಗಳ ನಡುವೆ ನಾವಿಬ್ಬರೇ ಉಳಿದೆವು. ಅವನು ತಲೆಯೆತ್ತಿದ. ನನ್ನನ್ನು ನೋಡಿದ. ನಾನೂ ಕೂತಿದ್ದೇನೆ ಎಂಬುದು ಅವನಿಗೆ ತಿಳಿಯಿತು, ಯಾಕೆ ಎಂಬುದೂ ತಿಳಿಯಿತು. ಅವನ ಮುಖ ನೋಡಲಾಗಲಿಲ್ಲ.

ಎಲ್ಲರೂ ಹಿಂತಿರುಗಿದ ಮೇಲೆ ಆ ಊರಿನ ಮುದಿ ಅಯ್ಯನವರು ತಟ್ಟೆ ಹಿಡಿದುಕೊಂಡು ಸುಮ್ಮನೆ ನಿಂತರು. ಕರೆಯಲಿಲ್ಲ, ಮುಚ್ಚಿಡಲೂ ಇಲ್ಲ. ಆಗ ನನಗೆ ಹೊಳೆದದ್ದು ದೊಡ್ಡ ಮಾತೇನಲ್ಲ. ಈ ಸಿಟ್ಟು ಹೋಗುವ ತನಕ ಕಾಯಲು ನನ್ನ ಹತ್ತಿರ ದಿನಗಳಿಲ್ಲ, ಅಷ್ಟೇ. ಇದು ಹೋಗುವ ಮೊದಲು ನಾನೇ ಹೋಗುತ್ತೇನೆ. ಹಸನಾದ ಹೃದಯ ನನ್ನಲ್ಲಿಲ್ಲ. ಇರುವುದು ಇದೇ, ಹಾಳುಬಿದ್ದದ್ದು. ದೇವರು ಕೊಡುವುದಾದರೆ ಇದಕ್ಕೇ ಕೊಡಬೇಕು.

ಬೆಂಚು ಹಿಡಿದು ಎದ್ದೆ. ನಡುವಿನ ದಾರಿಯಲ್ಲಿ ನಿಂತು ತಿರುಗಿ, "ಸಮು, ಬಾ" ಎಂದೆ. ನನ್ನ ದನಿ ಒರಟಾಗಿಯೇ ಇತ್ತು. ಅವನು ತಲೆ ಅಲ್ಲಾಡಿಸಿದ. ಮತ್ತೆ ಕರೆದೆ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನಾನೊಬ್ಬಳೇ ಹೋದೆ. ಮೊಳಕಾಲೂರಲು ಆಗಲಿಲ್ಲ, ನಿಂತೇ ಕೈಯೊಡ್ಡಿದೆ. ರೊಟ್ಟಿಯ ಚೂರು ಒಣಗಿದ ನಾಲಿಗೆಗೆ ಅಂಟಿಕೊಂಡಿತು. ದ್ರಾಕ್ಷಾರಸದ ಗುಟುಕು ಗಂಟಲಿನಲ್ಲಿ ಇಳಿದದ್ದು ತಿಳಿಯಿತು. ಶಾಂತಿ ಬರಲಿಲ್ಲ. ಬೆಳಕು ಕಾಣಲಿಲ್ಲ. ಸಿಟ್ಟು ಇದ್ದಲ್ಲೇ ಇತ್ತು. ಇಂದಿಗೂ ಇದೆ. ಆದರೆ ಅದನ್ನು ಕಟ್ಟಿಕೊಂಡೇ ಹೋದವಳನ್ನು ಯಾರೂ ಹಿಂದಕ್ಕೆ ಕಳಿಸಲಿಲ್ಲ. ನಾನು ಹೇಳಬಹುದಾದ ಸಾಕ್ಷಿ ಇಷ್ಟೇ.

ಮಧ್ಯಾಹ್ನ ಬಸ್ ಸ್ಟ್ಯಾಂಡಿಗೆ ಅವನು ಬಂದ. ನನ್ನ ಕೈಯಿಂದ ಚೀಲ ತೆಗೆದುಕೊಂಡು ಒಳಗೆ ಹತ್ತಿ, ಕಿಟಕಿಯ ಪಕ್ಕದ ಸೀಟಿನ ಮೇಲೆ ಇಟ್ಟು ಜಾಗ ಹಿಡಿದ. ನಾನು ಕೂತ ಮೇಲೆ ಕೆಳಗಿಳಿದು ಕಿಟಕಿಯ ಹೊರಗೆ ನಿಂತ. ನಮ್ಮ ನಡುವೆ ಕಬ್ಬಿಣದ ಸರಳುಗಳಿದ್ದವು.

"ಕೈ ಹೆಂಗೈತಿ?" ಎಂದು ಕೇಳಿದ.

"ನರಾ ಸೊರಗಾಕ ಹತ್ತೈತಿ. ಇನ್ನೊಂದ ಕೈಗೆ ಮಾಡಬೇಕಂತಾರ. ಅದೂ ತಡೀತೈತೋ ಇಲ್ಲೋ."

"ಪಟ್ಟಿಯೊಳಗ ಹೆಸರ ಹಚ್ಚಿದ್ರೇನ? ಸತ್ತವರ ಕಿಡ್ನಿ ಸಿಗತಾವಂತಲ್ಲ."

"ಹಚ್ಚೇವಿ. ಭಾಳ ಮಂದಿ ಮುಂದದಾರ."

ಅವನು ಸರಳು ಹಿಡಿದುಕೊಂಡ. ಕಂಡಕ್ಟರ್ ಸೀಟಿ ಊದಿದ. ಬಸ್ ಅಲುಗಿತು. ಅವನು ಜೊತೆಗೇ ನಡೆಯುತ್ತ ಬಂದ.

"ಮುಂದಿನ ತಿಂಗಳ ಭೋಜನಕ್ಕ ಬರ್ತೀಯೇನಕ್ಕಾ?"

"ಇದ್ದರ ಬರ್ತೇನಿ," ಎಂದೆ.